ಮೊದಲು ಲೀಕ್ ಹುಡುಕಿ, ಆಮೇಲೆ ಬಿಲ್ ಬರೆಯಿರಿ

ಈಗಷ್ಟೇ ಕೈ ತೊಳೆದು ಕೂತಿದ್ದೇನೆ. ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಓಣಿಯ ರಿಟೈರ್ಡ್ ಮಾಸ್ತರ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಇವತ್ತು ನಮ್ಮ ಅಂಗಳದಲ್ಲೇ ಬದಲಿಸಿದೆವು. ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ ಮ್ಯಾನಿಫೋಲ್ಡ್, ಅದು ಎಂಜಿನ್ನಿಗೆ ಕೂಡುವಲ್ಲಿ ಗಾಳಿ ಸೋರದಂತೆ ನಡುವೆ ಕೂರುವ ಪಟ್ಟಿ ಗ್ಯಾಸ್ಕೆಟ್. ನಾನು, ಜೊತೆಗೆ ಅಕ್ಕನ ಮಗ. ಹಳೇ ಗ್ಯಾಸ್ಕೆಟ್ ಇಲ್ಲೇ ಮೇಜಿನ ಮೇಲಿದೆ. ಮೂರನೇ ಪೋರ್ಟಿನ, ಅಂದರೆ ಗಾಳಿ ಹೋಗುವ ಮೂರನೇ ತೂತಿನ, ಕೆಳಗಿನ ಅಂಚು ಪೂರ್ತಿ ಒಣಗಿದೆ. ಬೆರಳಲ್ಲಿ ಸ್ವಲ್ಪ ಒತ್ತಿದರೆ ಹಪ್ಪಳದ ಹಾಗೆ ಪಟ್ ಅಂತ ಮುರಿಯುತ್ತದೆ. ಗಾಳಿ ಒಳಗೆ ನುಗ್ಗುತ್ತಿದ್ದ ಜಾಗದಲ್ಲಿ ಧೂಳಿನ ಒಂದು ಗೆರೆ ಬಿದ್ದಿದೆ. ಇದರ ಬೆಲೆ ಕೆಲವೇ ನೂರು ರೂಪಾಯಿ.

ಇದರ ಪಕ್ಕದಲ್ಲೇ ಮಾಸ್ತರು ಕೊಟ್ಟ ಗ್ಯಾರೇಜ್ ಬಿಲ್ ಇದೆ. ಸ್ಪಾರ್ಕ್ ಪ್ಲಗ್ ಹೊಸದು. ಇಗ್ನಿಷನ್ ಕಾಯಿಲ್ ಹೊಸದು. ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೊಸದು. ಒಟ್ಟು ನೋಡಿದರೆ ಅವರ ಪೆನ್ಷನ್‌ನ ಅರ್ಧಕ್ಕಿಂತ ಜಾಸ್ತಿ. ಇಷ್ಟೆಲ್ಲ ಆದಮೇಲೂ ಕಾರು ಸಿಗ್ನಲ್‌ನಲ್ಲಿ ನಿಂತರೆ ನಡುಗುತ್ತಿತ್ತು. ಆಗ ಗ್ಯಾರೇಜಿನವರು ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಎಮ್ ಬಗ್ಗೆ ಹೇಳಿದ್ದೇನು ಗೊತ್ತಾ? "ಇನ್ನ ಇಸಿಎಮ್ ಒಂದ ಉಳದೈತ್ರಿ ಸರ, ಬದಲಿ ಮಾಡಿ ನೋಡೂಣ್ರಿ."

ಬದಲಿ ಮಾಡಿ ನೋಡೋಣ. ಯಾರ ದುಡ್ಡಲ್ಲಿ ನೋಡುವುದು?

ಮಾಸ್ತರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. "ಹೈವೇ ಮ್ಯಾಲೆ ಹೆಂಗ ಓಡ್ತದ್ರಿ ಸರ?" ಅವರು ಅಂದರು, "ಹೈವೇಕ ಏನೂ ತ್ರಾಸಿಲ್ಲೋ ತಮ್ಮಾ. ಧಾರವಾಡಕ್ಕ ಹೋಗಿ ಬಂದೆ, ಚಲೋನ ಓಡ್ತು. ನಿಂತಾಗ ಅಷ್ಟ ನಡಗತೈತಿ."

ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವುದೇ ಐಡಲ್. ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ ಇರುವಾಗ ಗಾಳಿಯ ಬಾಗಿಲಾದ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್ ಗಾಳಿ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್, ಅಂದರೆ ಗಾಳಿ ಎಳೆಯುವ ಸೆಳೆತ, ಜೋರಾಗಿರುತ್ತದೆ. ಎಲ್ಲಿ ಸಣ್ಣ ಸಂದಿ ಸಿಕ್ಕರೂ ಹೊರಗಿನ ಗಾಳಿ ಸುರ್ ಅಂತ ಒಳಗೆ ಹೋಗುತ್ತದೆ. ಐಡಲ್‌ನಲ್ಲಿ ಎಂಜಿನ್ನಿಗೆ ಬೇಕಾದ ಗಾಳಿಯೇ ಕಡಿಮೆ, ಅದರಲ್ಲಿ ಈ ಕಳ್ಳ ಗಾಳಿಯ ಪಾಲು ದೊಡ್ಡದು. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಅನ್ನುವ ಲೆಕ್ಕ ಅಲ್ಲೇ ತಪ್ಪುತ್ತದೆ. ಆಕ್ಸಿಲರೇಟರ್ ಒತ್ತಿದರೆ ಥ್ರಾಟಲ್ ತೆರೆಯುತ್ತದೆ, ವ್ಯಾಕ್ಯೂಮ್ ಇಳಿಯುತ್ತದೆ, ಒಳಗೆ ಬರುವ ಸರಿಯಾದ ಗಾಳಿಯೇ ಅಷ್ಟು ಜಾಸ್ತಿ ಇರುವಾಗ ಲೀಕ್ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಧಾರವಾಡ ರೋಡಿನಲ್ಲಿ ಸುಖ, ನಮ್ಮೂರು ಬೆಳಗಾವಿಯ ಗೋವಾವೇಸ್ ಸರ್ಕಲ್ಲಿನಲ್ಲಿ ನಡುಕ.

ಇಂಜೆಕ್ಟರ್ ಕಟ್ಟಿಕೊಂಡಿದ್ದರೆ ಕಥೆ ಬೇರೆ ಇರುತ್ತಿತ್ತು. ಜೋರಾಗಿ ಎಳೆಯುವಾಗಲೇ ಪೆಟ್ರೋಲ್ ಸಾಲದೆ ಎಂಜಿನ್ ಸುಸ್ತಾಗಬೇಕಿತ್ತು. ಇದನ್ನು ತಿಳಿಯಲು ಏನನ್ನೂ ಬಿಚ್ಚಬೇಕಿಲ್ಲ. ಸ್ಕ್ಯಾನರ್ ಹಾಕಿದೆ. ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಅನ್ನುವ ಕೋಡ್. ಫ್ಯೂಯಲ್ ಟ್ರಿಮ್, ಅಂದರೆ ಆ ಕೊರತೆ ತುಂಬಲು ಕಂಪ್ಯೂಟರ್ ಹೆಚ್ಚಿಗೆ ಸೇರಿಸುವ ಪೆಟ್ರೋಲಿನ ಲೆಕ್ಕ, ಐಡಲ್‌ನಲ್ಲಿ ಶೇಕಡಾ 20 ದಾಟಿತ್ತು. 2500 ಆರ್‌ಪಿಎಮ್‌ಗೆ ಏರಿಸಿದ ಕೂಡಲೇ ಜರ್ರನೆ ಇಳಿಯಿತು. ಗ್ಯಾರೇಜಿನಲ್ಲೂ ಸ್ಕ್ಯಾನರ್ ಹಾಕಿದ್ದರಂತೆ, ಬಿಲ್ಲಿನಲ್ಲಿ ಅದಕ್ಕೂ ದುಡ್ಡು ಹಿಡಿದಿದ್ದಾರೆ. ಕೋಡ್ ಓದಿ ಸೆನ್ಸರ್ ಬದಲಿಸಿದರು. ಸೆನ್ಸರ್ ಪಾಪ ನಿಜ ಹೇಳುತ್ತಿತ್ತು.

ವ್ಯಾಕ್ಯೂಮ್ ಗೇಜ್ ಕೂಡ ಹಚ್ಚಿ ನೋಡಿದೆ. ಸಮುದ್ರ ಮಟ್ಟದಲ್ಲಿ ಒಳ್ಳೆ ಎಂಜಿನ್ ಐಡಲ್‌ನಲ್ಲಿ ಸುಮಾರು 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ನಮ್ಮ ಬೆಳಗಾವಿ ಸುಮಾರು 750 ಮೀಟರ್, ಅಂದರೆ ಹತ್ತಿರ ಹತ್ತಿರ 2500 ಅಡಿ ಎತ್ತರದಲ್ಲಿದೆ, ಸಾವಿರ ಅಡಿಗೆ ಒಂದು ಇಂಚಿನಂತೆ ಕಳೆಯಬೇಕು. ಕಳೆದರೂ 14.5ಕ್ಕಿಂತ ಕೆಳಗೆ ಬರಬಾರದು. ಮುಳ್ಳು 12ರ ಹತ್ತಿರ ನಿಂತಿತ್ತು.

ಆಮೇಲೆ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ ತಂದು, ಎಂಜಿನ್ ಹೆಡ್ಡಿಗೆ ಮ್ಯಾನಿಫೋಲ್ಡ್ ಕೂಡುವ ಗೆರೆಯುದ್ದಕ್ಕೂ ಸ್ವಲ್ಪ ಸ್ವಲ್ಪ ನೀರು ಹೊಡೆದೆವು. ಕಾಯಿಲ್, ವೈರಿಂಗ್ ಮೇಲೆ ಬೀಳದ ಹಾಗೆ ಜೋಪಾನವಾಗಿ. ಮೂರನೇ ಪೋರ್ಟಿನ ಕೆಳಗೆ ಬಿದ್ದಾಗ ಸುರ್ ಅನ್ನುವ ಸದ್ದು ನಿಂತಿತು, ಎಂಜಿನ್ ಒಂದು ಕ್ಷಣ ಸರಿಯಾಯಿತು. ಮತ್ತೆ ಶುರು. ಸಿಕ್ಕಿತಲ್ಲ! ಬೇಗ ಹೊತ್ತಿಕೊಳ್ಳುವ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡುವವರೂ ಇದ್ದಾರೆ. ಕಾದ ಎಕ್ಸಾಸ್ಟ್ ಹತ್ತಿರ ಅದು ಬೆಂಕಿ ಜೊತೆ ಸರಸ, ನಾನಂತೂ ಹೇಳುವುದಿಲ್ಲ.

ನಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ, ಮಷೀನಿನಲ್ಲಿ ಬಿಡಿಭಾಗ ತಯಾರಿಸುವ ಕಡೆ ನನ್ನ ಕೆಲಸ. ನಮ್ಮಲ್ಲಿ ಒಂದು ಪೀಸ್ ರಿಜೆಕ್ಟ್ ಆದರೆ ಯಾಕೆ ಅಂತ ಗೊತ್ತಾಗುವವರೆಗೆ ಮಷೀನ್ ಮುಂದಕ್ಕೆ ಓಡಿಸುವುದಿಲ್ಲ. ಐಟಿಐ ಮುಗಿಸಿ ಬಂದ ಹುಡುಗ ಮೊದಲ ವಾರದಲ್ಲೇ ಮೈಕ್ರೋಮೀಟರ್ ಹಿಡಿಯುತ್ತಾನೆ. ಫೌಂಡ್ರಿ, ಮಷೀನ್ ಶಾಪ್, ಹೈಡ್ರಾಲಿಕ್ಸ್ ಅಂದರೆ ಬೆಳಗಾವಿ ಅನ್ನುವಷ್ಟು ಹೆಸರಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಕಚೇರಿಯೂ ಇಲ್ಲೇ ಇದೆ. ಇಂಥ ಊರಿನಲ್ಲಿ ಕಾರ್ ಬಾನೆಟ್ ಎತ್ತಿದಾಗ ಮಾತ್ರ ಅಳೆಯುವುದು ಯಾಕೆ ಮರೆತುಹೋಗಬೇಕು?

ನೀವು ಕೇಳಬಹುದು, ಗ್ಯಾರೇಜಿನವರಿಗೂ ಹೊಟ್ಟೆಪಾಡು ಅಲ್ವಾ, ಬಾಗಿಲಲ್ಲಿ ಹತ್ತು ಗಾಡಿ ನಿಂತಿರುವಾಗ ಒಂದೇ ಗಾಡಿ ಹಿಡಿದು ಹುಡುಕುತ್ತಾ ಕೂರೋಕಾಗುತ್ತಾ ಅಂತ. ಗಿರಾಕಿಗಳೂ ಸುಮ್ನೆ ನೋಡಿದ್ದಕ್ಕೆ ದುಡ್ಡು ಕೊಡುವುದಿಲ್ಲ, ಪಾರ್ಟ್ಸ್ ಹಾಕಿದರೆ ಮಾತ್ರ ಕೊಡುತ್ತಾರೆ ಅಂತ. ಆಯ್ತು, ಒಪ್ಪಿದೆ. ಹಾಗಿದ್ದರೆ ನೋಡಿದ್ದಕ್ಕೆ ದುಡ್ಡು ಕೇಳಿ. ಹುಡುಕಿದ ಶ್ರಮಕ್ಕೆ ಐದುನೂರು ಕೇಳಿದರೂ ಮಾಸ್ತರು ಎರಡು ಮಾತಾಡದೆ ಕೊಡುತ್ತಿದ್ದರು. ಬೇಡದ ಸೆನ್ಸರ್ ಮಾರಿ ಆ ಶ್ರಮದ ದುಡ್ಡು ತೆಗೆಯುವುದು ನ್ಯಾಯ ಅಲ್ಲ. ಹೊಟ್ಟೆಪಾಡಿನ ಮಾತು ಇದಕ್ಕೆ ಉತ್ತರ ಆಗುವುದಿಲ್ಲ.

ನನಗೆ ಇಷ್ಟು ಸಿಟ್ಟು ಬರಲು ಬೇರೆ ಕಾರಣವೂ ಇದೆ. ಅಪ್ಪ ಟೆಂಪೋ ಓಡಿಸುತ್ತಿದ್ದರು. ಗ್ಯಾರೇಜಿನವರು ಅವರಿಗೂ ಇದೇ ಮಾತು ಹೇಳುತ್ತಿದ್ದರು, ಬದಲಿ ಮಾಡಿ ನೋಡೋಣ. ಒಂದು ಮಳೆಗಾಲ ಪೂರ್ತಿ ಗಾಡಿ ಗ್ಯಾರೇಜಿನಲ್ಲೇ ನಿಂತಿತ್ತು. ಕೊನೆಗೆ ಮಾರಿದರು. ಅಪ್ಪನಿಗೆ ಎಂಜಿನ್ ಗೊತ್ತಿರಲಿಲ್ಲ, ಎದುರು ಪ್ರಶ್ನೆ ಕೇಳುವ ಸ್ವಭಾವವೂ ಅಲ್ಲ. ಬಿಲ್ ಹಿಡಿದು ಬಂದ ಮಾಸ್ತರ ಮುಖದಲ್ಲಿ ನನಗೆ ಅಪ್ಪನೇ ಕಂಡರು.

ಇನ್ನು ಕೆಲಸದ ವಿಷಯ. ಮನೆಯಲ್ಲಿ ಮಾಡಬಹುದು, ಅವಸರ ಮಾತ್ರ ಬೇಡ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮೊದಲು ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ಚಾಲೂ ಮಾಡಿ, ಅದು ತಾನಾಗಿ ನಿಲ್ಲುವವರೆಗೆ ಬಿಡಿ, ಲೈನಿನ ಪ್ರೆಶರ್ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಥ್ರಾಟಲ್ ಬಾಡಿಗೆ ಕೂಲೆಂಟ್ ಪೈಪ್ ಇದ್ದರೆ ಕೂಲೆಂಟ್ ಸ್ವಲ್ಪ ಇಳಿಸಿಕೊಳ್ಳಬೇಕು. ಪ್ರತಿ ಹೋಸಿಗೂ ಟೇಪ್ ಸುತ್ತಿ ನಂಬರ್ ಬರೆಯಿರಿ, ಫೋಟೋ ತೆಗೆಯಿರಿ. ಬ್ರೇಕ್ ಬೂಸ್ಟರ್ ಹೋಸ್, ಎಂಜಿನ್ ಒಳಗಿನ ಹೊಗೆ ವಾಪಸ್ ಎಳೆಯುವ ಪಿಸಿವಿ ಹೋಸ್ ಬಿರುಕು ಬಿಟ್ಟಿವೆಯಾ ಅಂತ ಅಲ್ಲೇ ನೋಡಿಬಿಡಿ, ಅವೂ ಇದೇ ರೀತಿ ಗಾಳಿ ಎಳೆಯುತ್ತವೆ. ಮ್ಯಾನಿಫೋಲ್ಡ್ ಕೆಳಗೊಂದು ಬ್ರಾಕೆಟ್ ಇರಬಹುದು. ಅದನ್ನು ಬಿಚ್ಚದೆ ಜಗ್ಗಬೇಡಿ.

ಮ್ಯಾನಿಫೋಲ್ಡ್ ಹೊರಗೆ ಬಂದ ಕೂಡಲೇ ಪೋರ್ಟುಗಳಿಗೆ ಶುದ್ಧ ಬಟ್ಟೆ ತುರುಕಿ. ಒಂದು ಚೂರು ಒಳಗೆ ಬಿದ್ದರೂ ವಾಲ್ವಿಗೆ ಕುತ್ತು. ಹಳೇ ಗ್ಯಾಸ್ಕೆಟ್ ಕೆರೆಯಲು ಪ್ಲಾಸ್ಟಿಕ್ ಪಟ್ಟಿ ಸಾಕು. ಉಳಿ, ಎಮರಿ ಪೇಪರ್ ಬೇಡವೇ ಬೇಡ, ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಸೋರುತ್ತದೆ. ನಮ್ಮ ಹುಡುಗ ತಾಳ್ಮೆಯಿಂದ ಕೆರೆದ, ಉಗುರು ಆಡಿಸಿದರೆ ಎಲ್ಲೂ ತಡೆಯದ ಹಾಗೆ. ಆಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಸಂದಿ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿ ನೋಡಿದ. 0.1 ಮಿ.ಮೀ. ಎಲೆ ಎಲ್ಲೂ ಹೋಗಲಿಲ್ಲ. ಮುಖ ಡೊಂಕಾಗಿಲ್ಲ ಅಂತ ಗೊತ್ತಾದ ಮೇಲೆಯೇ ಹೊಸದು ಕೂರಿಸಿದ್ದು. ನಮ್ಮದಕ್ಕೆ ಸಿಲಿಕೋನ್ ಅಂಟು ಬೇಕಿರಲಿಲ್ಲ, ಒಣದಾಗಿಯೇ ಹಾಕಿದೆವು.

ಬೋಲ್ಟ್ ಬಿಗಿಯುವುದು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು. ಅಲ್ಯೂಮಿನಿಯಂ ಮ್ಯಾನಿಫೋಲ್ಡಿನ 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 20-25 ನ್ಯೂಟನ್ ಮೀಟರ್, ಪ್ಲಾಸ್ಟಿಕ್ ಮ್ಯಾನಿಫೋಲ್ಡಿಗೆ ಅದಕ್ಕಿಂತ ಬಹಳ ಕಡಿಮೆ. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಚಾಲೂ ಮಾಡುವ ಮೊದಲು ಫ್ಯೂಸ್, ಬ್ಯಾಟರಿ ಮತ್ತೆ ಜೋಡಿಸಿ ಇಗ್ನಿಷನ್ ಆನ್ ಆಫ್ ಮಾಡಿ, ಪೆಟ್ರೋಲ್ ಎಲ್ಲಾದರೂ ಜಿನುಗುತ್ತಿದೆಯಾ ನೋಡಿ. ಕೂಲೆಂಟ್ ತುಂಬಿ ಗಾಳಿ ಹೊರಗೆ ಬಿಡಿ.

ಮಾಸ್ತರ ಕಾರಿನ ಟ್ರಿಮ್ ಈಗ ಐಡಲ್‌ನಲ್ಲೂ ಸೊನ್ನೆಯ ಅಕ್ಕಪಕ್ಕ ಇದೆ. ಗೇಜ್ 16ರ ಮೇಲೆ ನಿಂತಿದೆ, ಮುಳ್ಳು ಅಲುಗುವುದಿಲ್ಲ. ತೆಗೆದ ಹಳೇ ಆಕ್ಸಿಜನ್ ಸೆನ್ಸರ್ ವಾಪಸ್ ಕೇಳಿ ತನ್ನಿ ಅಂತ ಅವರಿಗೆ ಹೇಳಿದ್ದೇನೆ, ನಾಳೆ ನಾನೂ ಜೊತೆಗೆ ಹೋಗುತ್ತೇನೆ. ಅದು ಕೆಟ್ಟಿತ್ತು ಅಂತ ಅವರು ತೋರಿಸಲಿ.

ಟಾರ್ಕ್ ರೆಂಚ್, ವ್ಯಾಕ್ಯೂಮ್ ಗೇಜ್, ಸ್ಕ್ಯಾನರ್ ಮೂರೂ ನಮ್ಮ ಮನೆಯಲ್ಲಿವೆ. ಊರಿನ ಗೆಳೆಯರು ಯಾರಿಗಾದರೂ ಬೇಕಾದರೆ ಭಾನುವಾರ ಬನ್ನಿ. ಇಸಿಎಮ್ ಬದಲಿಸಲು ಹೇಳಿದ್ದಾರೆ ಅನ್ನುವವರು ದುಡ್ಡು ಕಟ್ಟುವ ಮೊದಲೇ ಬನ್ನಿ.