ಮುದ್ದೆಗೆ ಮೂಳೆಯ ಆಕಾರ

ಕರಪತ್ರದಲ್ಲಿ ಹತ್ತು ಗಂಟೆ ಅಂತಿತ್ತು, ದೀಪ ಹಚ್ಚುವಾಗ ಹನ್ನೊಂದೂವರೆ. ಕುವೆಂಪುನಗರದಲ್ಲಿ ನಮ್ಮ ಬಡಾವಣೆ ಸಂಘದವರು ಇಟ್ಟುಕೊಂಡಿದ್ದ ತರಬೇತಿ: ಸಾಕುನಾಯಿಗೆ ಮನೆಯಲ್ಲೇ ಆರೋಗ್ಯಕರ ತಿನಿಸು. ಮೈಸೂರಿನಲ್ಲಿ ನಾಯಿ ಬಿಸ್ಕತ್ತು ಬೇಯಬೇಕಾದರೂ ಮೊದಲು ಪ್ರಾರ್ಥನೆ ಆಗಬೇಕು, ಆಮೇಲೆ ಸ್ವಾಗತ, ಆಮೇಲೆ ಸನ್ಮಾನ. ಸನ್ಮಾನ ಅಧ್ಯಕ್ಷರ ಲ್ಯಾಬ್ರಡಾರ್ ಬ್ರೂನೋಗೆ. ಮೈಸೂರು ಪೇಟ ತೊಡಿಸಿದರು, ತಲೆ ಕೊಡವಿ ಬೀಳಿಸಿತು. ಶಾಲು ಹೊದಿಸಿದರು, ಜರಿಯಂಚು ಅಗಿಯತೊಡಗಿತು. ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ ಮುಂದಿಟ್ಟಾಗ ಮಾತ್ರ ಪಶುವೈದ್ಯರು ಕುರ್ಚಿ ಬಿಟ್ಟು ಓಡಿ ಬಂದರು. “ದ್ರಾಕ್ಷಿ ಇದೆ ಕಣ್ರೀ ಅದರಲ್ಲಿ! ನಾಯಿಗೆ ಕಿಡ್ನಿ ಹೋಗುತ್ತೆ!” ಗೊಂಚಲು ಬುಟ್ಟಿಯಿಂದ ಅಧ್ಯಕ್ಷರ ಕೈಗೆ ಬಂತು, ಭಾಷಣ ಮುಗಿಯುವಷ್ಟರಲ್ಲಿ ಕಡ್ಡಿ ಮಾತ್ರ ಉಳಿದಿತ್ತು.

ಪಾಠ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ರಾಗಿಹಿಟ್ಟು, ಬೇಯಿಸಿ ಕಿವುಚಿದ ಸಿಹಿಗುಂಬಳ, ಒಂದು ಮೊಟ್ಟೆ. ಕಲಸಿ, ಲಟ್ಟಿಸಿ, ಮೂಳೆಯಾಕಾರದ ಅಚ್ಚಿನಲ್ಲಿ ಒತ್ತಿ ಓವನ್ನಿಗೆ. ಸಕ್ಕರೆ ಕೂಡದು, ಉಪ್ಪು ಕೂಡದು, ಮೈದಾ ಹತ್ತಿರ ಸುಳಿಯಕೂಡದು. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಚಾಕೊಲೇಟು ವಿಷ. ಕಡಲೆಕಾಯಿ ಬೆಣ್ಣೆ ಹಾಕುವುದಾದರೆ ಡಬ್ಬಿ ತಿರುಗಿಸಿ, ನಾಯಿಗೆ ವಿಷವಾಗುವ ‘ಕ್ಸೈಲಿಟಾಲ್’ ಎಂಬ ಸಿಹಿಕಾರಕ ಇಲ್ಲವೆಂದು ಓದಿಕೊಳ್ಳಬೇಕು. ತಿನಿಸೆಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಶೇ. 10 ದಾಟಬಾರದು, ಎರಡು ಹೊತ್ತು ವಾಕಿಂಗ್. ನನ್ನ ಶುಗರ್ ಡಾಕ್ಟರು ವರ್ಷಗಳಿಂದ ಹೆಚ್ಚುಕಮ್ಮಿ ಇದನ್ನೇ ಬಡಿದುಕೊಳ್ಳುತ್ತಿದ್ದಾರೆ. ನಾನು ಬರೆದುಕೊಂಡದ್ದು ಇದೇ ಮೊದಲು, ಅದೂ ನಾಯಿಗೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗಿಂತ ಚುರುಕಾಗಿ ಬರೆದುಕೊಳ್ಳುತ್ತಿದ್ದರು. ಅವರ ಮಗನ ಕೈಯಲ್ಲಿ ಚಿಪ್ಸ್ ಪೊಟ್ಟಣ. ಬ್ರೂನೋ ಮೂಸುತ್ತ ಬಂದಾಗ ಮಗು ಒಂದು ಚೂರು ಚಾಚಿತು. ತಾಯಿ ಪೆನ್ನು ಬಿಟ್ಟು ಕೈ ಹಿಡಿದರು: “ಬೇಡ ಪುಟ್ಟ, ಅದು ತಿಂದ್ರೆ ಹೊಟ್ಟೆ ಕೆಡುತ್ತೆ. ಎಲ್ಲ ನೀನೇ ತಿಂದ್ಬಿಡು.”

ಬೀದಿನಾಯಿಗಳ ಮಾತು ಸಭೆಯಲ್ಲಿ ಏಳಲಿಲ್ಲ. ಅವಕ್ಕೆ ಊಟ ಹಾಕುವ ಜಾಗ ಗೊತ್ತುಮಾಡುವ ಹೊಣೆಯನ್ನು ಕೇಂದ್ರ ಸರ್ಕಾರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಇಂಥ ಸಂಘಗಳಿಗೂ ಹೊರಿಸಿದೆ. ಎಲ್ಲೆಂದರಲ್ಲಿ ಹಾಕಬೇಡಿ, ಗುರುತಿಸಿದ ಜಾಗದಲ್ಲೇ ಹಾಕಿ ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನಮ್ಮವರು ಮೂರು ಸಲ ಸಭೆ ಸೇರಿದ್ದಾರೆ. ಮೂರೂ ಸಲದ ಒಮ್ಮತದ ತೀರ್ಮಾನ: ಜಾಗ ಬೇಕೇ ಬೇಕು, ನಮ್ಮ ಮನೆ ಮುಂದೆ ಬೇಡ.

ಊಟಕ್ಕೆ ಮೈದಾ ಪೂರಿ, ಸಾಗು, ತುಪ್ಪ ಜಿನುಗುವ ಮೈಸೂರು ಪಾಕು. ಎಂಜಲೆಲೆ ಹೊರಗೆ ಮೋರಿ ಪಕ್ಕ ಬಿತ್ತು. ಜಾಗ ಗೊತ್ತಾಗದ ಐದಾರು ನಾಯಿಗಳಿಗೆ ಆ ಜಾಗ ಚೆನ್ನಾಗಿ ಗೊತ್ತಿತ್ತು.

ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಮದ್ದೂರು ಕಡೆಯ ಹಳ್ಳಿಯವಳು. ಬಾಗಿಲ ಬಳಿ ಬಿಸ್ಕತ್ತಿನ ಮಳಿಗೆ, ನೂರು ಗ್ರಾಂ ಪೊಟ್ಟಣಕ್ಕೆ ಇನ್ನೂರೈವತ್ತು ರೂಪಾಯಿ. ಒಂದು ಮೂಳೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು, ಮೂಸಿದಳು.

“ಇಟ್ಟಲ್ವೇನ್ಲಾ ಇದು? ನಮ್ ಕರಿಯಂಗೆ ಜೀವಮಾನ ಪೂರ್ತಿ ಇದ್ನೇ ಇಕ್ಕಿದ್ದು.”

ಅವಳು ಇಕ್ಕುತ್ತಿದ್ದ ಮುದ್ದೆ ಬಸ್ಸಾರಿನಲ್ಲಿ ಅದ್ದಿರುತ್ತಿತ್ತು. ಆ ಬಸ್ಸಾರಿನ ಬೆಳ್ಳುಳ್ಳಿ ವಿಚಾರ ಡಾಕ್ಟರ ಕಿವಿಗೆ ಬೀಳದ ಹಾಗೆ ಅವಳನ್ನು ಮೆಲ್ಲಗೆ ಈಚೆಗೆ ಎಳೆದೆ. ಅಷ್ಟರಲ್ಲಿ ಮೂಳೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡಾಗಿತ್ತು. ಎರಡು ಸಲ ಅಗಿದು, ಮಳಿಗೆಯ ಹುಡುಗಿಯ ಕಡೆ ತಿರುಗಿದಳು.

“ಉಪ್ಪೇ ಹಾಕಿಲ್ವಲ್ಲವ್ವ. ಇದಕ್ಕೆ ಸಾರೇನ್ ಮಾಡಿದ್ದೀರಿ?”