ಪೇಷಂಟ್ ಡೈವರ್ಜ್ ಆದ!

ನನ್ನ ಪೇಷಂಟ್‌ಗಳು ಕೆಮ್ಮುವುದಿಲ್ಲ, ಬಿಲ್ ನೋಡಿ ಬೈಯುವುದಿಲ್ಲ. ಎಲ್ಲರದೂ ಕಂಪ್ಯೂಟರಿನಲ್ಲೇ ವಾಸ. ಸ್ಕ್ಯಾನ್‌ನಿಂದ ತೆಗೆದ ರಕ್ತನಾಳದ ಆಕಾರವನ್ನು ಲಕ್ಷಗಟ್ಟಲೆ ಚೂರು ಮಾಡಿ, ಒಂದೊಂದು ಚೂರಿನಲ್ಲೂ ರಕ್ತ ಹೇಗೆ ಹರಿಯುತ್ತದೆಂದು ನೇವಿಯರ್-ಸ್ಟೋಕ್ಸ್ ಸಮೀಕರಣ ಬಿಡಿಸುವುದೇ ನನ್ನ ಹೊಟ್ಟೆಪಾಡು. ಕೊಬ್ಬು ಕಟ್ಟಿ ಕಿರಿದಾದ ನಾಳಗಳ ಮೇಲೆ ನಮಗೆ ವಿಶೇಷ ಪ್ರೀತಿ. ನೇರ ಕೊಳವೆಯೊಂದರ ಒಳವ್ಯಾಸ ಅರ್ಧವಾದರೆ, ಒತ್ತಡ ಅಷ್ಟೇ ಇದ್ದರೂ, ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1840ರ ಆಸುಪಾಸಿನಲ್ಲೇ ಪ್ವಾಸಯ್ ಎಂಬ ಫ್ರೆಂಚ್ ವೈದ್ಯ ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಈ ನಿಯಮ ಕಂಡುಕೊಂಡ. ಪುಣ್ಯಾತ್ಮನ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಅದಕ್ಕೇ ಕೆಲಸ ಮುಗಿಯಿತು.

ನಮಗೆ ನಾಳದ ಆಕಾರ ಬರುವುದು ಎಸ್‌ಟಿಎಲ್ ಫೈಲಿನಲ್ಲಿ. ಅದರಲ್ಲಿ ಬರೀ ತ್ರಿಕೋನಗಳು. ಅಂಕಿ ಮಿಲಿಮೀಟರಿನದೋ ಮೀಟರಿನದೋ ಬರೆದಿರುವುದಿಲ್ಲ. ಸಾಫ್ಟ್‌ವೇರ್ ತನಗೆ ತೋಚಿದ್ದನ್ನು ಅಂದುಕೊಳ್ಳುತ್ತದೆ. ಮೊನ್ನೆ ಮೀಟರ್ ಅಂದುಕೊಂಡಿತು. ಹೃದಯದ ಮೇಲಿನ 3 ಮಿಲಿಮೀಟರ್ ನಾಳ, ಆನೆ ನಡೆದುಹೋಗುವಂಥ ಸುರಂಗವಾಯಿತು. ಹರಿವು ನಯವಾಗಿದೆಯೋ ಕದಡಿದೆಯೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ 180ರ ಆಸುಪಾಸಿನಲ್ಲಿರಬೇಕಾದದ್ದು 1.8 ಲಕ್ಷಕ್ಕೆ ಹೋಗಿ ಕೂತಿತು. ಸಾಫ್ಟ್‌ವೇರ್ ಮಾತ್ರ ಒಂದು ಎಚ್ಚರಿಕೆಯನ್ನೂ ಕೊಡದೆ, ರಾತ್ರಿಯೆಲ್ಲ ಶ್ರದ್ಧೆಯಿಂದ ಲೆಕ್ಕ ಹಾಕಿ, ಬೆಳಿಗ್ಗೆ ಅಂದವಾದ ಚಿತ್ರ ಮುಂದಿಟ್ಟಿತು. ತಪ್ಪು ಲೆಕ್ಕದ ಚಿತ್ರಗಳು ಯಾವಾಗಲೂ ಸ್ವಲ್ಪ ಹೆಚ್ಚೇ ಚೆನ್ನಾಗಿರುತ್ತವೆ.

ಅಳತೆ ಸರಿಹೋದ ಮೇಲೆ ಇನ್ನೊಂದು ರಗಳೆ. ಬಡಿತಗಳ ನಡುವೆ ಕೆಲವು ನಾಳಗಳಲ್ಲಿ ರಕ್ತ ಒಂದು ಗಳಿಗೆ ಹಿಂದಕ್ಕೆ ಸರಿಯುತ್ತದೆ, ಅದು ಸಹಜವೇ. ಆದರೆ ನಾವು ನಾಳ ಕತ್ತರಿಸಿದ ತುದಿಯ ಆಚೆ ಏನಿದೆಯೆಂದು ಕಂಪ್ಯೂಟರಿಗೆ ಗೊತ್ತಿಲ್ಲ. ಹಾಗಾಗಿ ಅಲ್ಲಿಂದ ವಾಪಸ್ ಬರುವ ರಕ್ತದ ವೇಗ ಏರುತ್ತ ಏರುತ್ತ ಹುಚ್ಚೆದ್ದು, ಕೊನೆಗೆ ಅಂಕಿಯ ಜಾಗದಲ್ಲಿ ‘ನ್ಯಾನ್’, ಅಂದರೆ ‘ಇದು ಸಂಖ್ಯೆಯೇ ಅಲ್ಲ’ ಎಂದು ಬಂದು ನಿಲ್ಲುತ್ತದೆ. ಆಗ ಪೇಷಂಟ್ ಡೈವರ್ಜ್ ಆದ ಅಂತ ಲೆಕ್ಕ.

ಇಂಥದೊಂದು ಸುದ್ದಿ ಫೋನಿನಲ್ಲಿ ಬಂದಾಗ ನಾನು ತುಂಬಿದ ಲಿಫ್ಟಿನಲ್ಲಿದ್ದೆ. “ಪೇಷಂಟ್ ರಕ್ತ ವಾಪಸ್ ಬರ್ತಿದೆಯಾ? ಕಾಯೋದು ಬೇಡ, ಕಿಲ್ ಮಾಡ್ಬಿಡಿ. ಬೆಳಿಗ್ಗೆ ಬಂದು ಎರಡನೇ ಬಡಿತದಿಂದ ಮತ್ತೆ ಶುರು ಮಾಡೋಣ” ಎಂದೆ. ಮುಂದಿನ ಮಹಡಿಯಲ್ಲಿ ಇಳಿಯಬೇಕಿಲ್ಲದವರೂ ಇಳಿದರು. ಉಳಿದ ಒಬ್ಬ ಅಜ್ಜಿ ಮಾತ್ರ ನನ್ನನ್ನೇ ದಿಟ್ಟಿಸಿ, “ಮನೆಯವರಿಗೆ ಹೇಳಿದೀಯೇನಪ್ಪಾ?” ಎಂದು ಕೇಳಿದರು.

ಇಷ್ಟೆಲ್ಲ ದಾಟಿ ಉತ್ತರ ಬಂದರೂ ಬಣ್ಣದ ಕಾಟ ತಪ್ಪದು. ರಕ್ತ ನಾಳದ ಗೋಡೆಯನ್ನು ಜೋರಾಗಿ ಉಜ್ಜುವಲ್ಲಿ ಕೆಂಪು, ಮೆಲ್ಲಗೆ ಸವರುವಲ್ಲಿ ನೀಲಿ. ಕಿರಿದಾದ ಜಾಗ ಕೆಂಪಗೆ ಉರಿಯುವುದನ್ನು ಕಂಡು ಮೀಟಿಂಗ್‌ನಲ್ಲಿ ಕೂತವರೆಲ್ಲ ಅಯ್ಯೋ ಎನ್ನುತ್ತಾರೆ. ಕೆಂಪೂ ಒಳ್ಳೆಯದೇನಲ್ಲ, ನಿಜ. ಆದರೆ ಕೊಬ್ಬು ಕಟ್ಟಲು ಹೆಚ್ಚಾಗಿ ಹೊಂಚು ಹಾಕುವುದು ರಕ್ತ ಸುಳಿಸುತ್ತಿ ತೆವಳುವ ಜಾಗದಲ್ಲಿ, ಅಂದರೆ ಆ ಕಿರಿದಾದ ಜಾಗದಾಚೆಯ ನೀಲಿಯಲ್ಲಿ. ಇದನ್ನು ನಾನು ಅರ್ಧ ತಾಸು ಕೊರೆದ ಮೇಲೆ ಡಾಕ್ಟರು, “ಎಲ್ಲ ಸರಿ ಸಾರ್, ಆದ್ರೆ ನೀಲಿ ನೋಡಿದ್ರೆ ಹಾಯ್ ಅನ್ಸುತ್ತೆ. ಬಣ್ಣ ಉಲ್ಟಾ ಮಾಡಿ ಕೊಡಿ” ಎಂದರು.

ಮಾಡಿದೆ. ಒಂದೇ ಕ್ಲಿಕ್ಕು. ಈ ಸಲ ಎಲ್ಲರೂ ಸರಿಯಾದ ಜಾಗ ನೋಡಿಯೇ ಹೆದರಿದರು.