ಕಾಕಿಯ ಒಗರು, ನಮ್ಮೂರ ಚೊಗರು

ನಾನು ಸಾಗರ ಸೀಮೆಯವನು. ಅಡಿಕೆ ತೋಟದ ಮನೆಯಲ್ಲಿ ಬೆಳೆದವನು. ಜಪಾನಿನ ನಾರಾಕ್ಕೆ ಬಂದು 9 ವರ್ಷವಾಯಿತು. ಇಲ್ಲಿ ಚಳಿ ಕಾಲಿಡುವ ಹೊತ್ತಿಗೆ ಎಲ್ಲಿ ನೋಡಿದರೂ ಕಾಕಿ ಹಣ್ಣು. ಪರ್ಸಿಮನ್ ಅಂದರೆ ನಮ್ಮಲ್ಲಿ ಕೆಲವರಿಗೆ ಗೊತ್ತಾಗುತ್ತದೆ. ಹಿಮಾಚಲದ ಕುಲ್ಲು ಕಡೆ ಇದನ್ನೇ ಜಪಾನಿ ಫಲ ಅನ್ನುತ್ತಾರೆ, ತೋಟ ಮಾಡಿ ಬೆಳೆಯುತ್ತಾರೆ. ಬೆಂಗಳೂರಿನ ಹಣ್ಣಿನಂಗಡಿಗಳಲ್ಲೂ ಈಗ ಸಿಗುತ್ತದೆ.

ಊರಿಗೆ ಹೋದಾಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಆ ಹಣ್ಣಾ? ಒಮ್ಮೆ ತಂದಿದ್ದೆವು. ಬಾಯೆಲ್ಲ ಒಗರು. ಎಸೆದುಬಿಟ್ಟೆವು." ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಅವರು ಎಸೆದದ್ದು ಇನ್ನೂ ಹಣ್ಣೇ ಆಗದ ಹಣ್ಣನ್ನು. ಒಗರು ಅಂದರೆ ಹೆದರುವ ಜನ ನಾವಲ್ಲ. ಅಡಿಕೆ ಬೇಯಿಸಿದವರು, ಬಾಳೆ ಹೂವನ್ನು ಮಜ್ಜಿಗೆ ನೀರಿಗೆ ಹೆಚ್ಚಿ ಹಾಕಿದವರು. ಈ ಒಂದು ಹಣ್ಣಿನ ಮುಂದೆ ಮಾತ್ರ ಯಾಕೆ ಅಷ್ಟು ಬೇಗ ಸೋತೆವು?

ನನಗೂ ಮೊದಲ ವರ್ಷ ಹಾಗೆಯೇ ಆಯಿತು. ಗೋಜೊ ಊರಿನ ಕಡೆ ಸುತ್ತಲು ಹೋಗಿದ್ದೆ. ಕಾಕಿಯ ಸೀಮೆ ಅದು. ಕಾಕಿ ಹಣ್ಣಿನ ಆಕಾರದಲ್ಲೇ ಕಟ್ಟಿದ ಕಾಕಿ ಮ್ಯೂಸಿಯಂ ಕೂಡ ಅಲ್ಲಿದೆ. ದಾರಿ ಬದಿಯಲ್ಲಿ ಆಳಿಲ್ಲದ ಪುಟ್ಟ ಅಂಗಡಿ, ಡಬ್ಬಿಗೆ ದುಡ್ಡು ಹಾಕಿ ಚೀಲ ಎತ್ತಿಕೊಳ್ಳುವುದು. ಚೀಲದ ಮೇಲೆ ಒಗರು ಕಾಕಿ ಎಂದು ಬರೆದಿತ್ತು. ಆಗ ನನಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಬಣ್ಣ ಚೆಂದ ಇತ್ತು, ಕಚ್ಚಿದೆ. ಗೇರುಹಣ್ಣು ತಿಂದರೆ ಗಂಟಲು ಹಿಡಿಯುತ್ತದಲ್ಲ, ಅದರ ಹತ್ತು ಪಟ್ಟು. ನಾಲಿಗೆ ಕಂಬಳಿಯಂತಾಯಿತು. ನೀರು ಕುಡಿದರೂ ಹೋಗಲಿಲ್ಲ.

ಪಕ್ಕದ ಮನೆಯ ಅಜ್ಜಿಗೆ ಹೇಳಿದೆ. ಉಳಿದ ಹಣ್ಣನ್ನು ಚೀಲದ ಸಮೇತ ಇಸಿದುಕೊಂಡು ಹೋದರು. ಹತ್ತು ದಿನ ಬಿಟ್ಟು ಅವೇ ಹಣ್ಣುಗಳನ್ನು ಹೆಚ್ಚಿ ತಟ್ಟೆಯಲ್ಲಿ ತಂದರು. ಒಂದು ಚೂರೂ ಒಗರಿಲ್ಲ. ಬೆಲ್ಲದ ಪಾಕದಂಥ ಸಿಹಿ. ಅವತ್ತಿನಿಂದ ನಾನು ಈ ಹಣ್ಣಿನ ಹಿಂದೆ ಬಿದ್ದೆ.

ಕಾಕಿಯಲ್ಲಿ ಸಿಹಿ ಜಾತಿ ಬೇರೆ, ಒಗರು ಜಾತಿ ಬೇರೆ. ಸಿಹಿ ಜಾತಿಯಲ್ಲಿ ಫುಯು ಹೆಸರುವಾಸಿ. ಚಪ್ಪಟೆ ಹಣ್ಣು, ಗಟ್ಟಿಯಿದ್ದಾಗಲೇ ಸೇಬಿನಂತೆ ಹೆಚ್ಚಿ ತಿನ್ನಬಹುದು. ಒಗರು ಜಾತಿಯನ್ನು ಹಾಗೆ ತಿನ್ನುವಂತಿಲ್ಲ. ಅದರಲ್ಲಿ ಒಗರು ಕೊಡುವ ಟ್ಯಾನಿನ್ ಎಂಬ ಅಂಶ ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಬಾಯಿ ಒಣಗಿದ ಹಾಗಾಗುವುದು. ಒಗರು ತೆಗೆಯುವುದು ಅಂದರೆ ಟ್ಯಾನಿನ್ನನ್ನು ಹೊರಗೆ ಹಾಕುವುದಲ್ಲ. ಅದು ಹಣ್ಣಿನಲ್ಲೇ ಇರುತ್ತದೆ, ಒಂದಕ್ಕೊಂದು ಅಂಟಿಕೊಂಡು ಜೊಲ್ಲಿನಲ್ಲಿ ಕರಗದಂತಾಗುತ್ತದೆ. ಮತ್ತೆ ಬೇಯಿಸಿದರೆ ಒಗರು ವಾಪಸ್ಸು ಬರುತ್ತದೆ! ಒಮ್ಮೆ ಜಾಮ್ ಮಾಡಲು ಹೋಗಿ ಒಂದು ಪಾತ್ರೆ ಹಣ್ಣು ಹಾಳಾದ ಮೇಲೆ ನನಗೆ ಇದು ತಿಳಿಯಿತು.

ಅಜ್ಜಿ ಮಾಡಿದ್ದು ಶೋಚು ಉಪಾಯ. ಶೋಚು ಇಲ್ಲಿನ ಭಟ್ಟಿ ಸಾರಾಯಿ. ಶೇಕಡಾ 35ರ ಶೋಚುವಿನಲ್ಲಿ ಹಣ್ಣಿನ ತೊಟ್ಟಿನ ಭಾಗವನ್ನಷ್ಟೇ ಅದ್ದಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯಾಡದಂತೆ ಬಾಯಿ ಕಟ್ಟಿ, ತಂಪಾದ ಕತ್ತಲಲ್ಲಿ ವಾರ ಹತ್ತು ದಿನ ಬಿಡಬೇಕು. ಮಾರಾಟಕ್ಕೆ ಕಳಿಸುವವರು ಇದೇ ಕೆಲಸಕ್ಕೆ ಇಂಗಾಲದ ಡೈಆಕ್ಸೈಡ್ ತುಂಬಿದ ಕೋಣೆ ಇಟ್ಟುಕೊಂಡಿರುತ್ತಾರೆ. ಹಿಂದೆ ಹಳ್ಳಿಗಳಲ್ಲಿ ರಾತ್ರಿ ಸ್ನಾನ ಮುಗಿದ ಮೇಲೆ ತೊಟ್ಟಿಯಲ್ಲಿ ಉಳಿದ ಬಿಸಿನೀರಿಗೇ ಹಣ್ಣು ಹಾಕಿಡುತ್ತಿದ್ದರು. 40 ಡಿಗ್ರಿ ಆಸುಪಾಸಿನ ನೀರು, ಒಂದು ರಾತ್ರಿ. ಮನೆಯಲ್ಲಿ ಮದ್ಯ ಮುಟ್ಟದವರಿಗೆ ಸೇಬಿನ ದಾರಿ ಇದೆ. ಎರಡು ಸೇಬಿನ ಜೊತೆ ಚೀಲದಲ್ಲಿ ಕಟ್ಟಿಡಿ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಕಾಕಿ ಮೆತ್ತಗಾಗುತ್ತದೆ, ಒಗರೂ ಹೋಗುತ್ತದೆ.

ಎಷ್ಟು ಮೆತ್ತಗಾಗಬೇಕು ಅನ್ನುವಲ್ಲೇ ನಮ್ಮವರು ಎಡವುವುದು. ಒಗರು ಜಾತಿಯನ್ನು ಹಾಗೇ ಇಟ್ಟು ಹಣ್ಣು ಮಾಡುವುದಾದರೆ ಕೈಯಲ್ಲಿ ಹಿಡಿದಾಗ ನೀರು ತುಂಬಿದ ಬಲೂನಿನಂತಿರಬೇಕು. ಸಿಪ್ಪೆ ಪಾರದರ್ಶಕವಾಗುತ್ತಾ ಬರುತ್ತದೆ. ನೋಡಿದರೆ ಕೊಳೆತಿದೆ ಅನ್ನಿಸುತ್ತದೆ, ಎಸೆಯೋಣ ಅನ್ನಿಸುತ್ತದೆ. ಎಸೆಯಬೇಡಿ. ತೊಟ್ಟು ಕೊಯ್ದು ಚಮಚದಲ್ಲಿ ತಿನ್ನಿ. ಹಲಸಿನಲ್ಲಿ ಬಕ್ಕೆ, ಅಂಬಲಿ ಎಂದು ಎರಡುಂಟಲ್ಲ? ಫುಯು ಬಕ್ಕೆಯಾದರೆ ಇದು ಅಂಬಲಿ. ಇಲ್ಲಿನ ಎಳೆಯರು ಗಟ್ಟಿಯದನ್ನೇ ಇಷ್ಟಪಡುತ್ತಾರೆ. ನನಗೆ ಅಂಬಲಿಯೇ ಸೈ. ಆದರೆ ಸರಿಯಾಗಿ ಮಾಗದ್ದನ್ನು, ಅದೂ ಖಾಲಿ ಹೊಟ್ಟೆಯಲ್ಲಿ, ಜಾಸ್ತಿ ತಿನ್ನಬಾರದು. ಆ ಟ್ಯಾನಿನ್ ಹೊಟ್ಟೆಯೊಳಗೆ ಗಂಟು ಕಟ್ಟಿ ಕಲ್ಲಿನಂತಾಗುವುದುಂಟು.

ಇನ್ನೊಂದು ತೊಡಕು ವಾಸನೆಯದು. ನಾವು ಹಣ್ಣನ್ನು ಮೂಗಿನಿಂದ ನೋಡುವವರು. ಅಟ್ಟದ ಮೇಲೆ ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಮಾವು ಜಗಲಿಯವರೆಗೂ ಹೇಳಿ ಕಳಿಸುತ್ತದೆ. ಹಲಸಂತೂ ಊರಿಗೇ ಗೊತ್ತಾಗುತ್ತದೆ. ಕಾಕಿಗೆ ಹಾಗೆ ಕರೆಯುವಂಥ ಪರಿಮಳವೇ ಇಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿ, ದಿನಾ ನೋಡಿ, ಕಾಯಬೇಕು. ನನ್ನ ಮೂಗು ಸುಮ್ನೆ ಕೂರಲು ಎರಡು ವರ್ಷ ಬೇಕಾಯಿತು.

ಒಣಗಿಸುವ ಕೆಲಸದಲ್ಲಿ ಮಾತ್ರ ನಮ್ಮ ಮನೆಯೇ ನೆನಪಾಗುತ್ತದೆ. ನಮ್ಮಲ್ಲಿ ಮೇ ತಿಂಗಳ ಬಿಸಿಲಿಗೆ ಚಾಪೆಯ ಮೇಲೆ ಮಾಂಬಳ ಹಾಕುತ್ತೇವೆ. ಮಳೆ ಬರುವುದರೊಳಗೆ ಮುಗಿಸುವ ಓಟ ಅದು. ಇಲ್ಲಿ ನವೆಂಬರಿನ ತಣ್ಣನೆ ಒಣ ಗಾಳಿ ಬಿಸಿಲಿಗಿಂತ ಮುಖ್ಯ. ಒಗರು ಕಾಕಿಯ ಸಿಪ್ಪೆ ಹೆರೆದು, ತೊಟ್ಟಿನ ಕಡ್ಡಿಗೆ ದಾರ ಕಟ್ಟಿ, ಕುದಿಯುವ ನೀರಿನಲ್ಲಿ ಕೆಲವು ಕ್ಷಣ ಅದ್ದಿ, ಸೂರಿನ ಕೆಳಗೆ ಇಳಿಬಿಡುತ್ತಾರೆ. ಒಂದಕ್ಕೊಂದು ತಾಗಬಾರದು. ವಾರ ಹತ್ತು ದಿನಕ್ಕೆ ಮೇಲೊಂದು ಪದರ ಕಟ್ಟುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಸುಕಬೇಕು, ಮಗುವಿನ ಕಾಲು ನೀವುವಂತೆ. ಐದಾರು ವಾರಕ್ಕೆ ಮೈಮೇಲೆ ಬಿಳಿ ಹುಡಿ ಏಳುತ್ತದೆ. ನೋಡಿದರೆ ಬೂಷ್ಟು ಅನ್ನಬೇಕು. ಅದು ಹಣ್ಣಿನೊಳಗಿನ ಸಕ್ಕರೆಯೇ ಹೊರಗೆ ಬಂದು ಹರಳಾದದ್ದು. ಹೋದ ವರ್ಷ ಅಮ್ಮನಿಗೆ ನಾಲ್ಕು ಒಯ್ದಿದ್ದೆ. ಉತ್ತುತ್ತೆಗಿಂತ ಮೃದು, ಆದರೆ ಇದಕ್ಕೆ ಸಕ್ಕರೆ ಯಾಕೆ ಹಾಕಿದರು ಎಂದು ಕೇಳಿದರು. ಹಾಕಿಲ್ಲ ಎಂದರೂ ನಂಬಲು ಹೊತ್ತು ಹಿಡಿಯಿತು.

ಒಗರನ್ನೇ ಕೆಲಸಕ್ಕೆ ಹಚ್ಚುವುದೂ ಇಲ್ಲಿದೆ. ಹಸಿರು ಕಾಕಿ ಕಾಯಿಯನ್ನು ಜಜ್ಜಿ ರಸ ಹಿಂಡಿ, ಹುಳಿಬರಿಸಿ, ವರ್ಷಗಟ್ಟಲೆ ಇಟ್ಟು ಕಾಕಿಶಿಬು ಮಾಡುತ್ತಾರೆ. ಕಾಗದ, ಮರ, ಬಟ್ಟೆ, ಹಿಂದೆ ಮೀನಿನ ಬಲೆಗೂ ಬಳಿಯುತ್ತಿದ್ದರು. ನೀರು ಹಿಡಿಯುವುದಿಲ್ಲ, ಗಟ್ಟಿ ಬರುತ್ತದೆ. ಬಟ್ಟೆಗೆ ಅಚ್ಚು ಹಾಕುವ ಇಸೆ ಸೀಮೆಯ ಕಾಗದದ ಅಚ್ಚುಗಳಿಗೆ ಇದೇ ಅಂಟು, ಇದೇ ರಕ್ಷೆ. ಆ ಕಂದು ಬಣ್ಣ ಮೊದಲ ಸಲ ನೋಡಿದಾಗ ನನ್ನ ಕಣ್ಣು ತುಂಬಿ ಬಂತು. ನಮ್ಮ ಚೊಗರಿನ ಬಣ್ಣ! ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕೆಂಗಂದು ನೀರು, ಒಮ್ಮೆ ತಾಗಿದರೆ ಅಂಗಿ ಬಿಡದ ಕಲೆ. ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ಚರಕದವರು ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಅಂಥ ಕೆಲಸ ಇನ್ನೂ ಹತ್ತು ಕಡೆ ಆಗಬೇಕಿತ್ತು.

ಜಪಾನಿನಲ್ಲಿ ಎಲ್ಲವೂ ಸರಿ ಅನ್ನುತ್ತಿಲ್ಲ. ಹಳ್ಳಿ ಮನೆಗಳ ಹಿತ್ತಲ ಕಾಕಿಯನ್ನು ಈಗ ಕೀಳುವವರೇ ಇಲ್ಲ. ವಯಸ್ಸಾದವರು ಮರ ಹತ್ತಲಾರರು, ಮಕ್ಕಳು ಪೇಟೆಯಲ್ಲಿದ್ದಾರೆ. ಮರದಲ್ಲೇ ಉಳಿದ ಹಣ್ಣಿಗೆ ಕರಡಿ ಊರೊಳಗೆ ಬರುತ್ತದೆ. ಹಣ್ಣು ಕೀಳಿ, ಆಗದಿದ್ದರೆ ಮರ ಕಡಿಯಿರಿ ಎಂದು ಸ್ಥಳೀಯ ಆಡಳಿತದವರು ಹೇಳುತ್ತಾರೆ. ನಮ್ಮ ಮಲೆನಾಡಿನ ಮನೆಗಳ ಸ್ಥಿತಿ ನೆನೆದು ಎದೆ ಭಾರವಾಗುತ್ತದೆ.

ಆದರೂ ಒಂದು ವಿಷಯದಲ್ಲಿ ಇವರನ್ನು ನೋಡಿ ನಾವು ಕಲಿಯಬೇಕು. ಇಲ್ಲಿ ಹಣ್ಣಿನ ಜೊತೆ ಮಾತೂ ಬರುತ್ತದೆ. ಒಗರೋ ಸಿಹಿಯೋ, ಒಗರು ತೆಗೆದದ್ದೋ ಅಲ್ಲವೋ, ಚೀಲದ ಮೇಲೆ ಬರೆದಿರುತ್ತಾರೆ. ನಮ್ಮಲ್ಲಿ ಮಾವಿಗೆ ಕಾರ್ಬೈಡ್ ಹಾಕಿ ಸಿಪ್ಪೆಗೆ ಮಾತ್ರ ಬಣ್ಣ ಬರಿಸುವ ಚಾಳಿ ಇನ್ನೂ ಹೋಗಿಲ್ಲ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲೇ ಅದಕ್ಕೆ ನಿಷೇಧವಿದೆ. ಅಟ್ಟದ ಹುಲ್ಲು ಗೊತ್ತಿದ್ದ ಜನ ನಾವು, ನಾಲ್ಕು ದಿನ ಕಾಯುವುದನ್ನು ಯಾಕೆ ಬಿಟ್ಟೆವು? ಬೆಂಗಳೂರಿನಲ್ಲಿ ಪರ್ಸಿಮನ್ ಮಾರುವವರು ಒಂದು ಸಾಲು ಕನ್ನಡದಲ್ಲಿ ಬರೆದಿಡಲಿ: ಇದು ಗಟ್ಟಿಯಿದ್ದಾಗ ತಿನ್ನುವುದು, ಇದು ಮೆತ್ತಗಾದ ಮೇಲೆ. ಅಷ್ಟು ಸಾಕು.

ಮೊನ್ನೆ ಅಜ್ಜಿ ಕೇಳಿದರು, ನಿಮ್ಮೂರಿನಲ್ಲಿ ಕಾಕಿ ಇಲ್ವಾ ಎಂದು. ಇದೇ ಕುಲದ ತೂಬರೆ ಇದೆ ಎಂದೆ. ಬೀಡಿ ಕಟ್ಟಲು ಅದರ ಎಲೆ ಕೊಯ್ಯುತ್ತಾರೆ, ಬಯಲುಸೀಮೆಯ ಕಾಡಿನಲ್ಲಿ ಬೇಸಿಗೆಗೆ ಹಣ್ಣಾಗುತ್ತದೆ ಎಂದೆ. ಅದರ ಒಗರು ಹೇಗೆ ತೆಗೆಯುತ್ತೀರಿ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ತೂಬರೆ ತಿಂದು ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಅಜ್ಜಿ ಕಾಯುತ್ತಿದ್ದಾರೆ.